ಮೀಟರ್ ಇಟ್ಟ ಮನೆ

ಧಾರಾವಾಹಿಯಲ್ಲಿ ಸೊಸೆಯ ಪಾತ್ರ ಮಾಡುತ್ತಿದ್ದ ಶಿವಲೀಲಾ ತವರಿಗೆ ಬಂದವಳೇ ಟಿವಿ ಪಕ್ಕದ ಮೀಟರ್ ಡಬ್ಬಿಯ ಮುಂದೆ ಕುಳಿತಳು. ಯಾರು ಏನು ನೋಡುತ್ತಾರೆಂದು ಲೆಕ್ಕವಿಡುವ ಡಬ್ಬಿ ಅದು. ರೇಟಿಂಗ್ ಲೆಕ್ಕದಲ್ಲಿ ಅದಿರುವ ಒಂದು ಮನೆ ಸಾವಿರಾರು ಮನೆಗಳಿಗೆ ಸಮ.

"ಯವ್ವಾ, ರೇಟಿಂಗ್ ಬಿದ್ದು ಜಾಹೀರಾತು ಬರವಲ್ವು. ಈ ವಾರನೂ ಏರದಿದ್ರ ಧಾರಾವಾಹಿ ಬಂದ್ ಮಾಡ್ತಾರಂತ. ನನ್ನ ಕೆಲಸಾನೂ ಹೋಗ್ತೈತಿ. ನೀ ದಿನಾ ನೋಡ್ತಿ ಹೌದಿಲ್ಲೊ?"

"ನೋಡದ ಇರ್ತೀನೇನ? ಒಲಿ ಆರಿಸಿ, ಡಬ್ಬಿ ರಿಮೋಟಿನಾಗ ನನ್ನ ಹೆಸರಿನ ಗುಂಡಿ ಒತ್ತಿ, ಮುಂದ ಕುಂತಬಿಡ್ತೀನಿ."

ಶಿವಲೀಲಾಗೆ ಹೋದ ಜೀವ ಬಂದಂತಾಯಿತು.

"ಪೂರ್ತಿ ನೋಡ್ತೀ?"

ತಾಯಿ ರಿಮೋಟನ್ನು ಸೆರಗಿನಿಂದ ಒರೆಸಿದಳು.

"ಆ ನಿಮ್ಮತ್ತಿ ನಿನ್ನ ಮ್ಯಾಲ ಕೈ ಎತ್ತೂದು ನನ್ನ ಕಡಿಂದ ನೋಡಾಕ ಆಗಂಗಿಲ್ಲವ್ವಾ. ಆಕಿ ಬಂದ ಕೂಡ್ಲೆ ಬ್ಯಾರೆ ಚಾನೆಲ್ ಹಚ್ತೀನಿ."