ಯಾರು ಹೊದ್ದುಕೊಳ್ಳುತ್ತಾರೆ?

"ಯಾರಿಗವ್ವಾ ಇದು?" ಎಂದು ಕೇಳಿ ಸುಭದ್ರಾಬಾಯಿ ಪೋಣಿಸಿದ ಸೂಜಿಯನ್ನು ಮತ್ತೆ ದಾರದ ಉಂಡೆಗೆ ಚುಚ್ಚಿಟ್ಟರು. ಅತ್ತೆ ಹಳೆ ಸೀರೆಗಳಿಂದ ಹೊಲಿಯುವ ಕೌದಿಗಳ ಬಗ್ಗೆ ಸೊಸೆ ಮನಿಷಾ ಎರಡು ವರ್ಷದಿಂದ ಬ್ಲಾಗ್ ಬರೆಯುತ್ತಿದ್ದಳು. ಓದುಗರು ಕೇಳುತ್ತಲೇ ಇದ್ದುದರಿಂದ, ಮೊನ್ನೆ ಅದಕ್ಕೊಂದು ಆನ್‌ಲೈನ್ ಅಂಗಡಿಯನ್ನೂ ಸೇರಿಸಿದ್ದಳು. ಈಗ ಮೊದಲ ಆರ್ಡರ್ ಬಂದಿತ್ತು.

"ಹೆಸರ ಅದ, ಊರ ಅದ, ಪಿನ್‌ಕೋಡ ಸುದ್ದಾ ಅದರಿ ಅತ್ತಿ."

"ಪಿನ್‌ಕೋಡಿಗಿ ಚಳಿ ಹತ್ತತದೇನ? ಹೊದ್ಕೊಳ್ಳೋರು ಕೂಸೋ, ಬಾಣಂತಿಯೋ, ಮುದುಕರೋ? ಗೊತ್ತಿಲ್ದ ನಾ ಹ್ಯಾಂಗ ಹೊಲೀಲಿ?"

ತಮ್ಮ ಹಳ್ಳಿ ಹಲಬರ್ಗಾದಲ್ಲಿದ್ದಷ್ಟು ದಿನ ಸುಭದ್ರಾಬಾಯಿ ಹೊಲಿದದ್ದೆಲ್ಲ ಮುಖ ನೋಡಿದವರಿಗೇ. ಈಗ ಅತ್ತೆ ಒಲ್ಲೆನೆಂದರೆ ಅಂಗಡಿಯನ್ನು ಇವತ್ತೇ ಮುಚ್ಚಬೇಕು. ವಾದಿಸಲು ಬಾಯಿ ತೆರೆದ ಮನಿಷಾ, ಉಂಡೆಯಲ್ಲಿ ಅಲುಗದೆ ನಿಂತ ಸೂಜಿಯನ್ನು ನೋಡಿ ಎದ್ದಳು. ಒಲೆ ಸಣ್ಣ ಮಾಡಿ ಬಂದು, ಆರ್ಡರ್ ಫಾರ್ಮಿನಲ್ಲಿ ವಿಳಾಸಕ್ಕಿಂತ ಮೇಲೆ ಇನ್ನೊಂದು ಪ್ರಶ್ನೆ ಸೇರಿಸಿದಳು: ಯಾರು ಹೊದ್ದುಕೊಳ್ಳುತ್ತಾರೆ? ಆರ್ಡರ್ ಕೊಟ್ಟವರಿಗೂ ಅದನ್ನೇ ಕೇಳಿ ಸಂದೇಶ ಕಳಿಸಿದಳು.

ಕುಕ್ಕರ್ ಮೂರನೇ ಸಲ ಕೂಗುವಷ್ಟರಲ್ಲಿ ಉತ್ತರ ಬಂತು. ಮನಿಷಾ ಗಟ್ಟಿಯಾಗಿ ಓದಿದಳು: "ನನಗೇರಿ. ಔರಾದದಾಗ ನರ್ಸ್ ಇದ್ದೀನಿ. ರಾತ್ರಿ ಡ್ಯೂಟಿ ಮುಗಿಸಿ ಹಗಲಿ ಮಲಗ್ತೇನಿ. ಬೆಳಕಿಗಿ ನಿದ್ದಿ ಹತ್ತಲ್ಲ."

ಸುಭದ್ರಾಬಾಯಿ ಹಳೆ ಸೀರೆಗಳ ಗಂಟನ್ನು ಕಾಲಿನಿಂದ ಸೊಸೆಯ ಕಡೆ ಸರಿಸಿದರು.

"ಅದರಾಗ ಕರೀ ಸೀರಿ ಅದ, ತಗಿ. ಪಾಪ, ಮುಸುಕ ಹಾಕ್ಕೊಂಡ್ರ ಆಕಿಗಿ ಕತ್ತಲಿ ಆಗಬೇಕು," ಎನ್ನುತ್ತಾ ಉಂಡೆಯಿಂದ ಸೂಜಿ ಕಿತ್ತುಕೊಂಡರು.