ಒದ್ದೆ ಸೀಟು

ಸ್ಕೂಟರಿನ ಸೀಟು ಇವತ್ತೂ ಒದ್ದೆ. ಅವಳು ಬೆರಳು ತಾಗಿಸಿ ಮೂಸಿದಳು. ಉಗುಳಿನ ಕಮಟು, ಅದರ ಮೇಲೆ ಸೋಪಿನ ತೆಳು ವಾಸನೆ.

ಎಂಜಲೆಂದರೆ ಮೂಗು ಮುರಿಯುವ ಹೆಂಗಸಲ್ಲ ಅವಳು. ಹಲ್ಲಿನ ಸೆಟ್ಟು ಮಾಡಿಕೊಡುವ ಲ್ಯಾಬಿನಲ್ಲಿ ಅವಳ ಕೆಲಸ. ಯಾರ್ಯಾರದೋ ಬಾಯಿಂದ ಬಂದ ಅಚ್ಚುಗಳನ್ನು ದಿನವಿಡೀ ತೊಳೆಯುವುದು, ಪ್ಲಾಸ್ಟರ್ ತುಂಬುವುದು, ಉಜ್ಜುವುದು. ಆ ಎಂಜಲಿಗೆ ಅವಳ ಮೇಲೆ ಹಗೆಯಿರಲಿಲ್ಲ. ಇದಕ್ಕಿತ್ತು.

ಎಲೆಕ್ಟ್ರಿಕ್ ಗಾಡಿ ಹೊಸದು, ಅಗ್ಗದ್ದು. ಏರು ಬಂದರೆ ಮುಕ್ಕಿರಿಯುತ್ತಿತ್ತು. ಸೈಕಲ್ಲಿನವರೂ ಹಿಂದೆ ಹಾಕಿ, ತಿರುಗಿ ನೋಡಿ ನಗುತ್ತಿದ್ದರು. ಆದರೂ ಅವಳ ಪಾಲಿಗೆ ಅದೇ ಪುಷ್ಪಕ ವಿಮಾನ. ಮೊದಲೆಲ್ಲ ಗಂಡನೇ ತನ್ನ ಬೈಕಿನಲ್ಲಿ ಬಿಟ್ಟು, ಸಂಜೆ ಕರೆತರುತ್ತಿದ್ದ. ಅವನು ಬರುವವರೆಗೆ ಮುಚ್ಚಿದ ಲ್ಯಾಬಿನ ಮೆಟ್ಟಿಲ ಮೇಲೆ ಕೂತಿರಬೇಕಿತ್ತು. ಈಗ ಕೆಲಸ ಮುಗಿದರೆ ಹೊರಟಳು. ಮನಸ್ಸಾದರೆ ಅಕ್ಕನ ಮನೆಗೂ ಒಂದು ಸುತ್ತು.

ರಾತ್ರಿ ಗಾಡಿ ಕಟ್ಟಡದ ನೆಲಮಾಳಿಗೆಯಲ್ಲಿ ಚಾರ್ಜಿಗಿರುತ್ತಿತ್ತು. ಬೆಳಿಗ್ಗೆ ಹಾಲು ತರಲು ಇಳಿಯುವ ಗಂಡ ವೈರು ಕಿತ್ತು ಸುತ್ತಿಟ್ಟು ಹೋಗುತ್ತಿದ್ದ. ಅದು ಬಿಟ್ಟರೆ ಅಷ್ಟು ಹೊತ್ತಿಗೇ ಅಲ್ಲಿ ಸುಳಿಯುವವನು ಕಾವಲಿನ ಮುದುಕನೊಬ್ಬನೇ. ಬೇಸಿಗೆಯಲ್ಲೂ ಉಣ್ಣೆ ಟೋಪಿ ತೆಗೆಯದ ಅವನನ್ನು ಎಲ್ಲರೂ ಟೋಪಿ ತಾತ ಎನ್ನುತ್ತಿದ್ದರು.

ಮರುದಿನ ಅವಳು ಎಂದಿಗಿಂತ ಬೇಗ ಇಳಿದಳು. ತಾತ ಚಿಂದಿಬಟ್ಟೆ ಹಿಡಿದು ಅವಳ ಸೀಟನ್ನು ಉಜ್ಜುತ್ತಿದ್ದ. ನಿಧಾನವಾಗಿ, ಮಗುವಿನ ಮೈ ಒರೆಸುವವನಂತೆ. ಅವಳನ್ನು ಕಂಡದ್ದೇ ಬಟ್ಟೆ ಬೆನ್ನ ಹಿಂದೆ ಹೋಯಿತು.

"ಏನ್ ಮಾಡ್ತಿದ್ದೀರಾ ತಾತ?"

"ಧೂಳಿತ್ತು ತಾಯೀ."

"ನನ್ನ ಗಾಡಿಗೆ ಮಾತ್ರ ಧೂಳು ಕೂರುತ್ತಾ?"

ಅಕ್ಕಪಕ್ಕದ ಗಾಡಿಗಳ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳಿತ್ತು. ತಾತ ಬಟ್ಟೆ ಮುದುರಿಕೊಂಡು ಗೇಟಿನತ್ತ ನಡೆದ.

ದಾರಿಯುದ್ದಕ್ಕೂ ಅವಳಿಗೆ ಆ ಮುದಿ ಕೈಯ ಮೇಲೆಯೇ ಕೂತಂತೆ. ಸಿಗ್ನಲ್ಲಿನಲ್ಲಿ ಸೀಟು ಬಿಟ್ಟು ಎದ್ದು ನಿಂತಳು. ಲ್ಯಾಬಿಗೆ ಬಂದವಳು ಕೈ ಕೆಂಪಾಗುವವರೆಗೆ ತೊಳೆದಳು. ಮಧ್ಯಾಹ್ನ ಬುತ್ತಿ ಬಿಚ್ಚಿ, ಹಾಗೇ ಮುಚ್ಚಿಟ್ಟಳು.

ಸಂಜೆ ಗಂಡನಿಗೆ ಹೇಳಿದಳು. ಅವನು ತಟ್ಟೆಯಿಂದ ತಲೆಯೆತ್ತಿದ.

"ಮುದುಕನಾ? ನೀನೇ ನೋಡಿದ್ಯಾ?"

"ಕಣ್ಣಾರೆ."

ಅವನು ತುತ್ತು ನುಂಗಿದ. "ಥೂ, ಎಂಥ ಜನಾನೋ! ಆ ಗಾಡಿ ಸಹವಾಸವೇ ಬೇಡ, ಮಾರಿಬಿಡು ಕಣೇ. ಮೊದಲಿನ ಹಾಗೆ ನಾನೇ ಬಿಟ್ಟು ಬರ್ತೀನಿ."

ಅವಳ ಕಣ್ಣು ತುಂಬಿ ಬಂತು. "ನಾನ್ಯಾಕ್ರೀ ಮಾರಲಿ? ಅವನು ಹೋಗಲಿ."

ಭಾನುವಾರ ಕಟ್ಟಡದವರೆಲ್ಲ ಗೇಟಿನ ಬಳಿ ಸೇರಿದರು. ಅವಳ ಬಾಯಲ್ಲಿ 'ನೀವು' 'ನೀನು' ಆಗಿತ್ತು.

"ಹೇಳು, ದಿನಾ ನನ್ನ ಸೀಟಿಗೆ ಏನ್ ಮಾಡ್ತಿದ್ದೆ?"

"ಒರೆಸ್ತಿದ್ದೆ ತಾಯೀ. ಅಷ್ಟೇ."

"ಏನನ್ನ?"

ತಾತ ನೆರೆದವರ ಮುಖಗಳನ್ನು ಒಂದೊಂದಾಗಿ ನೋಡಿ ತಲೆ ತಗ್ಗಿಸಿದ. "ಅದನ್ನ ನನ್ನ ಬಾಯಲ್ಲಿ ಹೇಳಿಸಬೇಡಿ ತಾಯೀ."

ಗುಂಪು ಗುಲ್ಲೆಂದಿತು. "ಹೇಳೋಕೇ ನಾಚಿಕೆಯಂತೆ, ಮಾಡೋಕೆ ಇರಲಿಲ್ವಾ?" ಎಂದಳು ಮೇಲ್ಮನೆಯ ಟೀಚರು. "ಟೋಪಿ ತಾತ ನಮಗೆಲ್ಲ ಟೋಪಿ ಹಾಕಿಬಿಟ್ಟ" ಎಂದ ಇನ್ನೊಬ್ಬ. ಯಾರೋ ಪೊಲೀಸರ ಮಾತೆತ್ತಿದರು.

ಗಂಡ ಮುಂದೆ ಬಂದು ಕೈ ಅಡ್ಡ ಹಿಡಿದ. "ಪೊಲೀಸು ಗಿಲೀಸು ಬೇಡ. ವಯಸ್ಸಾದವರು. ಕಳಿಸಿಬಿಡಿ, ಸಾಕು."

ಎಂಥ ದೊಡ್ಡ ಮನಸ್ಸು ಎಂದುಕೊಂಡರು ಎಲ್ಲರೂ. ಅವಳೂ.

ತಾತ ಕಂಬಳಿ ಮಡಚಿಕೊಂಡು ಗೇಟು ದಾಟಿದ. ಮತ್ತೊಂದು ಕಡೆ ಕೆಲಸ ಸಿಗುವ ವಯಸ್ಸಲ್ಲ ಅವನದು. ಅದು ಗೊತ್ತಿದ್ದೂ ಅವಳು ಅವನ ಬೆನ್ನಿಗೆ 'ಥೂ' ಎಂದಳು.

ಸೋಮವಾರ ಬೆಳಿಗ್ಗೆ ಮೈಮನ ಹಗುರವಾಗಿತ್ತು. ಲ್ಯಾಬಿನಲ್ಲಿ ಅವಸರದ ಕೆಲಸ. ಗಂಡ ಹಾಲಿಗೆಂದು ಇಳಿದ ಸ್ವಲ್ಪ ಹೊತ್ತಿಗೆ ಅವಳೂ ಹೆಲ್ಮೆಟ್ಟು ಹಿಡಿದು ಇಳಿದಳು. ನೆಲಮಾಳಿಗೆಯ ಕೊನೆಯ ಮೆಟ್ಟಿಲಲ್ಲಿ ನಿಂತುಬಿಟ್ಟಳು.

ಅವಳ ಸೀಟಿನ ಮೇಲೆ ಬಾಗಿ, ಗಂಟಲಾಳದಿಂದ ಕ್ಯಾಕರಿಸಿ, ಗಂಡ ಉಗುಳುತ್ತಿದ್ದ.