ಜ್ವರಕ್ಕೆ ಕೂತ ಹುಳು

ಉತ್ತಮ ರೇಷ್ಮೆ ಬೆಳೆಗಾರನೆಂದು ತನಗೆ ಹೊದಿಸಿದ್ದ ಶಾಲನ್ನು ಹೆಗಲ ಮೇಲಿಂದ ಇಳಿಸದೆಯೇ ರವಿಚಂದ್ರ ಎರಡೂ ಕೈ ತುಂಬ ಹಿಪ್ಪುನೇರಳೆ ಸೊಪ್ಪು ಬಾಚಿ ಹುಳುಗಳ ಮೇಲೆ ಉದುರಿಸಿದ. ಕೊತ್ತತ್ತಿಯಿಂದ ಹುಳು ಮನೆ ನೋಡಲು ಬಂದಿದ್ದ ರೈತರತ್ತ ತಿರುಗಿ, “ನಮ್ಮನೆ ಎಂಗುಸ್ರು ಕಸಗಿಸ ಗುಡುಸ್ತಾರೆ, ಅಷ್ಟೇಯ. ಉಳ ಸಾಕೋದೆಲ್ಲ ನಾನೇ,” ಎಂದ.

ಒಂದು ಹುಳುವೂ ಎಲೆಗೆ ಬಾಯಿ ಹಾಕಲಿಲ್ಲ. ತಲೆಯೆತ್ತಿಕೊಂಡು ಕದಲದೆ ಕೂತಿದ್ದವು. ಬಂದವರಲ್ಲಿ ಹಿರಿಯಾಕೆ ಪಟ್ಟಲಮ್ಮ ಬಗ್ಗಿ ನೋಡಿ, “ಅಯ್ಯೋ, ಜ್ವರಕ್ಕೆ ಕೂತವೆ ಕಣಪ್ಪಾ! ಪೊರೆ ಬುಡೋಗಂಟ ಇವು ತಿನ್ನಾಕಿಲ್ಲ. ಈಗ್ಯಾರಾದ್ರೂ ಸೊಪ್ಪಾಕ್ತಾರಾ?” ಎಂದಳು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ರವಿಚಂದ್ರನ ಕಿವಿ ಬಿಸಿಯಾಯಿತು.

ಪೊರಕೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಹೆಂಡತಿ ಶಶಿರೇಖಾ ಒಳಗೆ ಬಂದಳು. ಪೊರಕೆಯನ್ನು ಗೋಡೆಗೆ ಒರಗಿಸಿ, ಹುಳುವಿಗೆ ತಾಗದಂತೆ ಎರಡೇ ಬೆರಳಲ್ಲಿ ಒಂದೊಂದೇ ಎಲೆ ಎತ್ತತೊಡಗಿದಳು. “ಅವ್ರದ್ದೇನೂ ತಪ್ಪಿಲ್ಲ ಕಣವ್ವ,” ಎಂದಳು ತಲೆ ಎತ್ತದೆ. “ಜ್ವರಕ್ಕೆ ಕೂತವೆ ಅಂತ ಯೋಳೋದ ನಾನೇ ಮರ್ತ್ಬುಟ್ಟೆ.”

ಅವಳು ಮರೆತಿರಲಿಲ್ಲ. ಬೆಳಿಗ್ಗೆ ಎರಡೆರಡು ಸಲ ಹೇಳಿದ್ದಳು. ಕನ್ನಡಿಯ ಮುಂದೆ ಶಾಲಿನ ಮಡಿಕೆ ಸರಿಮಾಡಿಕೊಳ್ಳುತ್ತಿದ್ದ ಅವನು, ಅವಳ ಕಡೆ ತಿರುಗದೆಯೇ ‘ಊಂ, ಊಂ’ ಅಂದಿದ್ದ.